ರೇಡಿಯೋ ಮಾರಿದ ತಾಯಿ

ವಾರ್ಷಿಕೋತ್ಸವ ಹತ್ತಿರ ಬಂದಾಗಲೆಲ್ಲ ನಮ್ಮ ಶಾಲೆಯಲ್ಲಿ ಒಂದು ವಾದ ಏಳುತ್ತದೆ. ಮಕ್ಕಳು ಸಿನಿಮಾ ಹಾಡಿಗೆ ಕುಣಿಯಬೇಕೆನ್ನುತ್ತಾರೆ. ಹಿರಿಯರಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ. "ಸಿನಿಮಾ ಹಾಡು ಕೇಳಿ ಉದ್ಧಾರವಾದವರುಂಟೇ? ಅಷ್ಟು ಹೊತ್ತು ಲೆಕ್ಕ ಮಾಡಲಿ" ಎನ್ನುತ್ತಾರೆ. ನಾವು ಈ ವಾದದಲ್ಲಿ ನಿಷ್ಪಕ್ಷಪಾತಿಗಳಲ್ಲ. ಹನ್ನೆರಡನೆಯ ವಯಸ್ಸಿನಿಂದ ಇಂದಿನವರೆಗೆ ಒಬ್ಬ ಸಿನಿಮಾ ಸಂಗೀತಗಾರನ ಹಾಡು ಕೇಳುತ್ತಾ ಬೆಳೆದವರು ನಾವು. ಆತ ಇಳಯರಾಜ. ಈ ಸಲ ಆ ಋಣವನ್ನು ಒಪ್ಪಿಕೊಂಡು, ನಮ್ಮ ಅಭಿಪ್ರಾಯವನ್ನೂ ಹೇಳಿಬಿಡುತ್ತೇವೆ.

ಇಳಯರಾಜ ಹುಟ್ಟಿದ್ದು 1943ರಲ್ಲಿ, ಪಣ್ಣೈಪುರಂ ಎಂಬ ಸಣ್ಣ ಊರಿನಲ್ಲಿ. ಆಗ ಅದು ಮಧುರೆ ಜಿಲ್ಲೆ. 1996ರ ನಂತರ ತೇನಿ ಜಿಲ್ಲೆ. ಕೆಲವು ವರ್ಷಗಳ ಹಿಂದೆ ನಾವು ಆ ಊರನ್ನು ನೋಡಲೆಂದೇ ಹೊರಟೆವು. ದಿಂಡಿಗಲ್‌ನಲ್ಲಿ ಇಳಿದು, ವತ್ತಲಗುಂಡು, ಪೆರಿಯಕುಳಂ ದಾಟಿ ತೇನಿಗೆ ಬಸ್ಸಿನಲ್ಲಿ ಹೋದೆವು. ಅಲ್ಲಿಂದ ಮುಂದೆ ಕಂಬಂ ಕಣಿವೆ. ಎರಡೂ ಕಡೆ ಪಶ್ಚಿಮ ಘಟ್ಟದ ಗೋಡೆ, ನಡುವೆ ಹಸಿರು. 1895ರಲ್ಲಿ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟ ಕೊರೆದ ಸುರಂಗದಲ್ಲಿ ಹರಿದು ಈ ಕಣಿವೆಗೆ ಬರುತ್ತದೆ. ಅದರಿಂದಲೇ ಅಲ್ಲಿ ಭತ್ತ, ಬಾಳೆ, ತೆಂಗು, ದ್ರಾಕ್ಷಿ. ಮೇಲೆ ಬೆಟ್ಟದಲ್ಲಿ ಏಲಕ್ಕಿ, ಚಹಾ ತೋಟ.

ಕಂಬಂ ಪೇಟೆಯ ಒಂದು ಅಂಗಡಿಯಲ್ಲಿ ನಮಗೊಂದು ಆಶ್ಚರ್ಯ ಕಾದಿತ್ತು. ನಮ್ಮೊಡನೆ ತಮಿಳಿನಲ್ಲಿ ವ್ಯಾಪಾರ ಮಾಡುತ್ತಿದ್ದ ಯಜಮಾನರು ಒಳಗಿದ್ದ ತಾಯಿಯ ಕಡೆ ತಿರುಗಿ ಮಾತಾಡಿದ್ದು ಕನ್ನಡ! ನಮ್ಮ ಕಿವಿಗೆ ಅದು ಎಂದೋ ಅಜ್ಜಿಯ ಬಾಯಲ್ಲಿ ಕೇಳಿದ ಕನ್ನಡದಂತಿತ್ತು. ತಲೆಮಾರುಗಳ ಹಿಂದೆ ಅಲ್ಲಿಗೆ ಹೋಗಿ ನೆಲೆಸಿದ ಕಪ್ಪಿಲಿಯ ಒಕ್ಕಲಿಗರು ಇಂದಿಗೂ ಮನೆಯಲ್ಲಿ ಕನ್ನಡ ಆಡುತ್ತಾರೆ. ಅಕ್ಷರ ಕಲಿಸುವ ಶಾಲೆಯಿಲ್ಲದೆ, ಬರಿಯ ತಾಯಂದಿರ ಬಾಯಿಂದ ಒಂದು ಭಾಷೆ ಉಳಿದುಬಂದಿದೆ. ಹಾಡೂ ಹಾಗೆಯೇ ಉಳಿಯುತ್ತದೆ ಎಂಬುದು ನಮಗೆ ಅಲ್ಲಿ ಹೊಳೆಯಿತು. ಇಳಯರಾಜರ ಮೊದಲ ಪಾಠಶಾಲೆ ಅವರ ತಾಯಿ ಚಿನ್ನತಾಯಮ್ಮಾಳ್ ಹಾಡುತ್ತಿದ್ದ ಜನಪದ ಗೀತೆಗಳು.

ಮನೆಯಲ್ಲಿ ಬಡತನವಿತ್ತು. ಶಾಲೆಯ ಓದು ನಡುವೆಯೇ ನಿಂತಿತು. ಅಣ್ಣ ಪಾವಲರ್ ವರದರಾಜನ್ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುತ್ತಿದ್ದರು. ಹದಿನಾಲ್ಕರ ಹುಡುಗ ಅವರ ತಂಡ ಸೇರಿ, ಊರೂರು ತಿರುಗಿ ಹಾರ್ಮೋನಿಯಂ ನುಡಿಸಿದ. ಮುಂದೆ ತಮ್ಮಂದಿರು ಮದರಾಸಿಗೆ ಹೊರಟಾಗ ಕೈಯಲ್ಲಿ ಕಾಸಿಲ್ಲ. ಆಗ ತಾಯಿ ಮನೆಯ ರೇಡಿಯೋವನ್ನು 400 ರೂಪಾಯಿಗೆ ಮಾರಿ, ಅಷ್ಟನ್ನೂ ಮಕ್ಕಳ ಕೈಗಿತ್ತರೆಂದು ಇಳಯರಾಜರೇ ಹೇಳಿಕೊಂಡಿದ್ದಾರೆ. ಪೋಷಕರು ಈ ಮಾತನ್ನು ಒಂದು ಕ್ಷಣ ಯೋಚಿಸಬೇಕು. ಮನೆಯಲ್ಲಿ ಹಾಡು ಕೇಳುವ ಸಾಧನ ಅದು. ಮಕ್ಕಳು ಹಾಡು ಕಟ್ಟಲಿ ಎಂದು ಆ ತಾಯಿ ತಾನು ಹಾಡು ಕೇಳುವುದನ್ನು ಬಿಟ್ಟಳು.

ಮದರಾಸಿನಲ್ಲಿ ಅವರು ಮಾಡಿದ್ದೇನು? ಮತ್ತೆ ವಿದ್ಯಾರ್ಥಿಯಾದರು. 1968ರಲ್ಲಿ ಧನರಾಜ್ ಮಾಸ್ತರರ ಬಳಿ ಪಾಶ್ಚಾತ್ಯ ಸಂಗೀತ ಕಲಿಯತೊಡಗಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಆ ವಯಸ್ಸಿನಲ್ಲಿ ಅ ಆ ಇ ಈ ತಿದ್ದುವಂತೆ ಐದು ಗೆರೆಗಳ ಮೇಲೆ ಸ್ವರ ಬರೆಯಲು ಕಲಿತರು. ಬಾಖ್, ಬೀಥೋವನ್ ಪರಿಚಯವಾದದ್ದು ಅಲ್ಲಿ. ಮುಂದೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗಿಟಾರ್ ಪರೀಕ್ಷೆಯಲ್ಲಿ ಚಿನ್ನದ ಪದಕ ಪಡೆದರು. ಶಾಲೆ ಬಿಟ್ಟವರು ಕಲಿಕೆ ಬಿಡಲಿಲ್ಲ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಬದುಕೇ ಮುಗಿಯಿತೆಂದು ಕೊರಗುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಶಾಲೆ ಬಿಟ್ಟರೂ ನಡೆಯುತ್ತದೆಂದು ಮಾತ್ರ ಯಾರೂ ತಿಳಿಯಬಾರದು. ಬಿಟ್ಟದ್ದನ್ನು ಅವರು ದುಪ್ಪಟ್ಟು ದುಡಿದು ತುಂಬಿಕೊಂಡರು.

ಇಲ್ಲಿ ಕನ್ನಡಿಗರು ಹೆಮ್ಮೆಪಡುವ ಒಂದು ಸಂಗತಿಯಿದೆ. 'ಅನ್ನಕ್ಕಿಳಿ' ಚಿತ್ರದಿಂದ 1976ರಲ್ಲಿ ಅವರು ಹೆಸರಾಗುವ ಮೊದಲು ವರ್ಷಗಟ್ಟಲೆ ದುಡಿದದ್ದು ನಮ್ಮ ಜಿ. ಕೆ. ವೆಂಕಟೇಶ್ ಅವರ ಸಹಾಯಕರಾಗಿ. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಮೊದಲಾದ ಡಾ. ರಾಜಕುಮಾರ್ ಚಿತ್ರಗಳಿಗೆ ಸಂಗೀತ ಕೊಟ್ಟ ಅದೇ ವೆಂಕಟೇಶ್. ತೆರೆಯ ಹಿಂದೆ, ಹೆಸರಿಲ್ಲದೆ ಕೆಲಸ ಕಲಿತವರು ಮುಂದೆ ಕನ್ನಡಕ್ಕೇ ಹಾಡು ಕಟ್ಟಲು ಬಂದರು. ಶಂಕರ್‌ನಾಗ್ ಅವರ 'ಗೀತಾ' 1981ರಲ್ಲಿ ಬಂತು. ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' 1983ರಲ್ಲಿ, 'ನಮ್ಮೂರ ಮಂದಾರ ಹೂವೆ' 1996ರಲ್ಲಿ. 'ಗೀತಾ' ಹಾಡುಗಳನ್ನು ನಾವು ಮೊದಲು ಕೇಳಿದ್ದು ಬಸ್ ನಿಲ್ದಾಣದ ಹೋಟೆಲಿನ ರೇಡಿಯೋದಲ್ಲಿ. ಒಂದು ಹಾಡು ಮುಗಿಯಲೆಂದು ಮನೆಗೆ ಹೋಗುವ ಬಸ್ಸನ್ನೇ ಬಿಟ್ಟು, ಕತ್ತಲಲ್ಲಿ ನಡೆದು ಹೋಗಿ ಬೈಸಿಕೊಂಡೆವು. ಆ ಬೈಗಳು ಮರೆತಿವೆ, ಹಾಡು ಮರೆತಿಲ್ಲ.

ಅಮೆರಿಕದಲ್ಲಿ ರಾಕ್ ಅಂಡ್ ರೋಲ್ ಹುಟ್ಟಿದ್ದೂ ಹೀಗೆಯೇ. ಕಪ್ಪು ಜನರ ಬ್ಲೂಸ್ ಮತ್ತು ಲಯದ ಹಾಡುಗಳು, ಚರ್ಚಿನ ಭಜನೆ, ಹಳ್ಳಿಗರ ಗೀತೆ, ಇವೆಲ್ಲ ವಿದ್ಯುತ್ ಗಿಟಾರಿನ ಜೊತೆ ಕೂಡಿ ಅದು ಬೆಳೆಯಿತು. 1954ರಲ್ಲಿ ಮೆಂಫಿಸ್‌ನಲ್ಲಿ ಹಾಡಿ ಹೆಸರಾದ ಎಲ್ವಿಸ್ ಪ್ರೆಸ್ಲಿಯೂ ಬಡ ಮನೆಯ ಹುಡುಗನೇ. ಅಲ್ಲಿಯೂ ಹಿರಿಯರು "ಮಕ್ಕಳು ಕೆಟ್ಟರು" ಎಂದೇ ಕೂಗಿದರು. ಇಳಯರಾಜ ಮಾಡಿದ ಬೆಸುಗೆ ಇದಕ್ಕಿಂತ ಚಿಕ್ಕದಲ್ಲ. ಮೇಲೆ ಹೊಲಗದ್ದೆಯ ರಾಗ, ಕೆಳಗೆ ಬಾಸ್ ಗಿಟಾರಿನ ನಡೆ, ನಡುವೆ ಹಾಡಿಗೆ ಎದುರುತ್ತರ ಕೊಡುವ ಪಿಟೀಲುಗಳ ಸಾಲು. ಯಾವ ವಾದ್ಯ ಏನು ನುಡಿಸಬೇಕೆಂಬುದನ್ನೆಲ್ಲ ಅವರೇ ಕಾಗದದ ಮೇಲೆ ಬರೆದುಕೊಡುತ್ತಾರೆ. 1986ರಲ್ಲಿ ತಂದ 'ಹೌ ಟು ನೇಮ್ ಇಟ್?' ಎಂಬ ವಾದ್ಯಸಂಗೀತವನ್ನು ತ್ಯಾಗರಾಜರಿಗೂ ಬಾಖ್‌ಗೂ ಒಟ್ಟಿಗೇ ಅರ್ಪಿಸಿದರು. ಸಾವಿರಕ್ಕೂ ಮಿಕ್ಕಿ ಚಿತ್ರಗಳು, ಐದು ರಾಷ್ಟ್ರ ಪ್ರಶಸ್ತಿಗಳು, 2018ರಲ್ಲಿ ಪದ್ಮವಿಭೂಷಣ. 2025ರ ಮಾರ್ಚ್ 8ರಂದು, ಎಂಬತ್ತೊಂದರ ವಯಸ್ಸಿನಲ್ಲಿ, ತಾವು ಬರೆದ ಸಿಂಫನಿಯನ್ನು ಲಂಡನ್ನಿನಲ್ಲಿ ಕೇಳಿಸಿದರು.

ಅಭಿಮಾನಿಯಾದ ಮಾತ್ರಕ್ಕೆ ಕುರುಡರಾಗಬೇಕಿಲ್ಲ. ಸಾವಿರ ಚಿತ್ರಗಳಲ್ಲಿ ಜೊಳ್ಳೂ ಇದೆ. ಅವರ ಮಾತು ಕೆಲವೊಮ್ಮೆ ಒರಟು. 2017ರಲ್ಲಿ, ಅನುಮತಿಯಿಲ್ಲದೆ ತಮ್ಮ ಹಾಡುಗಳನ್ನು ವೇದಿಕೆಯಲ್ಲಿ ಹಾಡಬಾರದೆಂದು ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ವಕೀಲರ ನೋಟಿಸು ಹೋದಾಗ ನಮಗೆ ಅನ್ನ ಸೇರಲಿಲ್ಲ. ಹಾಡು ಕಟ್ಟಿದವರಿಗೆ ಅದರ ಮೇಲೆ ಹಕ್ಕಿದೆ. ಆ ತತ್ವ ಸರಿ. ಆದರೆ ಗೆಳೆಯನಿಗೆ ವಕೀಲರ ಮೂಲಕ ಹೇಳಬೇಕಿತ್ತೇ? 2019ರಲ್ಲಿ ಇಬ್ಬರೂ ಮತ್ತೆ ಒಂದೇ ವೇದಿಕೆಗೆ ಬಂದಾಗ ನಮ್ಮ ಮನಸ್ಸು ಹಗುರವಾಯಿತು. ಮರುವರ್ಷವೇ ಬಾಲು ತೀರಿಕೊಂಡರು. ಜಗಳ ಬೇಗ ಮುಗಿಸಬೇಕು ಎಂಬ ಪಾಠವನ್ನೂ ಇವರಿಂದಲೇ ಕಲಿತೆವು.

ಈಗ ನಮ್ಮ ಅಭಿಪ್ರಾಯ. ಅಭಿಮಾನವೆಂದರೆ ಶಿಳ್ಳೆ ಹೊಡೆಯುವುದಲ್ಲ, ಕಿವಿಗೊಟ್ಟು ಕೇಳುವುದು. ವಿದ್ಯಾರ್ಥಿಗಳೇ, ನಿಮಗೆ ಇಷ್ಟವಾದ ಒಂದು ಹಾಡನ್ನು ಮೂರು ಸಲ ಕೇಳಿ. ಮೊದಲ ಸಲ ಮಾತು ಮತ್ತು ರಾಗ. ಎರಡನೆಯ ಸಲ ತಾಳವಾದ್ಯ ಮಾತ್ರ. ಮೂರನೆಯ ಸಲ ಅಡಿಯಲ್ಲಿ ನಡೆಯುವ ಬಾಸ್ ಮಾತ್ರ. ಹೀಗೆ ಕೇಳಲು ಕಲಿತವರಿಗೆ ಲೆಕ್ಕವೂ ಸುಲಭವೆಂದು ನಾವು ಆಣೆ ಮಾಡಲಾರೆವು. ಆದರೆ ಒಂದು ಕೆಲಸದ ಮೇಲೆ ಮನಸ್ಸು ನಿಲ್ಲಿಸುವುದು ಖಂಡಿತ ಬರುತ್ತದೆ.

ಪೋಷಕರಲ್ಲಿ ಮತ್ತು ಗುರುಹಿರಿಯರಲ್ಲಿ ಒಂದು ಬೇಡಿಕೆ. ವೇಳಾಪಟ್ಟಿಯಲ್ಲಿ ಸಂಗೀತದ ಅವಧಿಯಿದ್ದರೂ ಪರೀಕ್ಷೆ ಹತ್ತಿರವಾದಂತೆ ಅದನ್ನು ಬೇರೆ ವಿಷಯ ನುಂಗಿಬಿಡುತ್ತದೆ. ದಯವಿಟ್ಟು ವಾರದ ಆ ಒಂದು ಗಂಟೆಯನ್ನು ಮಕ್ಕಳಿಗೆ ಬಿಟ್ಟುಕೊಡಿ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಬೀಸುವಾಗ, ನಾಟಿ ಮಾಡುವಾಗ ಹಾಡುತ್ತಿದ್ದ ನಮ್ಮ ಅಜ್ಜಿಯರನ್ನು ನಾವು ಕೇಳಿಸಿಕೊಳ್ಳಲೇ ಇಲ್ಲ. ಇನ್ನೂ ಹಾಡಬಲ್ಲ ಅಜ್ಜಿ ಮನೆಯಲ್ಲಿದ್ದರೆ ಈ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಅವರ ಬಳಿ ಕೂರಿಸಿ.

ಎಲ್ಲರೂ ಇಳಯರಾಜರಾಗುವುದಿಲ್ಲ. ಆಗಬೇಕಾಗಿಯೂ ಇಲ್ಲ. ಕಂಬಂ ಕಣಿವೆಯ ಆ ತಾಯಿಗೂ ಮಗ ಏನಾಗುವನೆಂದು ಗೊತ್ತಿರಲಿಲ್ಲ. ಆದರೂ ಆಕೆ ರೇಡಿಯೋ ಮಾರಿದಳು. ನಾವು ಏನನ್ನೂ ಮಾರಬೇಕಿಲ್ಲ. ವಾರಕ್ಕೆ ಒಂದು ಗಂಟೆ ಕೊಟ್ಟರೆ ಸಾಕು.