‘ಕಂಡದ್ದನ್ನು ಬಿಡಿಸಿ’ ಅಂತೀರಿ, ಕಂಡದ್ದನ್ನೇ ಬಿಡಿಸಿದರೆ ಮಾರ್ಕ್ಸ್ ಕಡೀತೀರಿ

ಪೋಸ್ಟು ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ‘ಕಲೆಗೆ ಜಾತಿ ಎಲ್ಲಿದೆ ಸಾರ್’ ಅಂತ ಕಮೆಂಟ್ ಹಾಕೋಕೆ ಕಾದು ಕೂತಿರೋರು ಎರಡು ಸಲ ಓದಿ.

ನನ್ನ ಅಣ್ಣನ ಮಗಳು ಚಿತ್ರಕಲೆಯಲ್ಲಿ ಡಿಗ್ರಿ ಓದ್ತಿದಾಳೆ. ಬಿವಿಎ, ಎರಡನೇ ವರ್ಷ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮೂರನೆಯವಳು, ಬ್ರಷ್ ಹಿಡಿದವಳು ಇವಳೊಬ್ಬಳೇ. ಯಾವ ಕಾಲೇಜು ಅಂತ ಹೇಳಲ್ಲ. ಹೇಳಿದರೆ ‘ಅದು ಆ ಕಾಲೇಜಿನ ಸಮಸ್ಯೆ’ ಅಂತ ಉಳಿದವರೆಲ್ಲ ಕೈ ತೊಳೆದುಕೊಳ್ತಾರೆ. ತನಗೆ ಕೊಟ್ಟ ಡ್ರಾಯಿಂಗ್ ಅಸೈನ್‌ಮೆಂಟುಗಳ ಬಗ್ಗೆ ಅವಳು ಒಂದು ನೋಟ್‌ಬುಕ್ಕಲ್ಲಿ ಬರೆದುಕೊಂಡಿದ್ದಳು. ಕೇಳಿ ಓದಿದೆ. ಇದನ್ನ ಹಾಕ್ಲಾ ಅಂದೆ. ‘ನನ್ನ ಹೆಸರು ಬಿಟ್ಟು ಹಾಕಿ ಚಿಕ್ಕಪ್ಪ’ ಅಂದಳು.

ಮೊದಲ ವರ್ಷ ಪೂರ್ತಿ ಅವರ ಮುಂದೆ ಇಟ್ಟಿದ್ದು ಹಿತ್ತಾಳೆ ದೀಪದ ಕಂಬ, ತಾಮ್ರದ ಚೊಂಬು, ತೆಂಗಿನಕಾಯಿ, ಹಿಂದೆ ಒಂದು ರೇಷ್ಮೆ ಬಟ್ಟೆ. ಹಿತ್ತಾಳೆ ಮೇಲೆ ಬೆಳಕು ಬಿದ್ದರೆ ನೆರಳು-ಬೆಳಕು ಕಲಿಯೋಕೆ ಸುಲಭ ಅಂತೆ. ಸರಿ ಸ್ವಾಮಿ, ಒಪ್ಪಿದೆ. ಸ್ಟೀಲ್ ತಂಬಿಗೆ ಮೇಲೆ ಬೆಳಕು ಬೀಳಲ್ವಾ? ನಮ್ಮ ಹುಡುಗಿ ಬರೆದಿದ್ದು ಇಷ್ಟೇ: ಪಕ್ಕದಲ್ಲಿ ಕೂರೋ ಗೆಳತಿ ಸಂಜೆ ಮನೆಗೆ ಹೋಗಿ ದೇವರ ಕೋಣೆಯಿಂದ ಅದೇ ಸಾಮಾನು ತಂದಿಟ್ಕೊಂಡು ಪ್ರಾಕ್ಟೀಸ್ ಮಾಡ್ತಾಳೆ, ನಮ್ಮ ಮನೇಲಿ ಅವು ಇಲ್ಲ, ಹಾಸ್ಟೆಲಿನಲ್ಲಂತೂ ಇಲ್ಲವೇ ಇಲ್ಲ.

ಇದು ಸಣ್ಣ ವಿಷಯ ಅನ್ನಿ. ಮುಂದೆ ಬನ್ನಿ.

ಎರಡನೇ ವರ್ಷ ಕ್ಲಾಸಿನಲ್ಲಿ ವ್ಯಾನ್ ಗೋ 1886ರಲ್ಲಿ ಬರೆದ ಹಳೇ ಬೂಟುಗಳ ಚಿತ್ರ ತೋರಿಸಿದರು. ಲೋಕಪ್ರಸಿದ್ಧ ಚಿತ್ರ. ಹೈಡೆಗರ್ ಅನ್ನೋ ಜರ್ಮನಿಯ ತತ್ವಜ್ಞಾನಿ ಅದರ ಬಗ್ಗೆ ಬರೆಯುತ್ತಾ, ಇದು ಹೊಲದಲ್ಲಿ ದುಡಿಯೋ ರೈತ ಹೆಂಗಸಿನ ಬೂಟು ಅಂತ ಹೇಳಿ ದೊಡ್ಡ ವಿಚಾರವನ್ನೇ ಕಟ್ಟಿದ. 1968ರಲ್ಲಿ ಮೇಯರ್ ಶಪೀರೋ ಅನ್ನೋ ಕಲಾ ಇತಿಹಾಸಕಾರ, ಅಲ್ಲ, ಅದು ಪಟ್ಟಣದಲ್ಲಿದ್ದ ಚಿತ್ರಕಾರನದೇ ಬೂಟು ಅಂದ. ಬೂಟು ಯಾರದ್ದು ಅಂತ ಇಬ್ಬರು ಪಂಡಿತರ ಜಗಳ. ಹೊಲಿದವನು ಆ ಜಗಳದಲ್ಲಿ ಎಲ್ಲೂ ಬರಲ್ಲ.

ಮೇಷ್ಟ್ರು ಅಸೈನ್‌ಮೆಂಟ್ ಕೊಟ್ಟರು: ‘ಪಾದರಕ್ಷೆ. ನಿಮ್ಮ ಬದುಕಿಗೆ ಹತ್ತಿರವಾಗಿರಲಿ. ಕಂಡದ್ದನ್ನು ಬಿಡಿಸಿ.’ ನಮ್ಮಪ್ಪ ಎಕ್ಕಡ ಹೊಲೀತಿದ್ದವರು. ಅವರು ಹೋಗಿ 11 ವರ್ಷ ಆಯ್ತು. ಅವರ ಉಳಿ, ರಂಪಿಗೆ, ಅಡಿಗಲ್ಲು ಇನ್ನೂ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿವೆ. ಈ ಹುಡುಗಿ ರಜಕ್ಕೆ ಊರಿಗೆ ಹೋದಾಗ ಅದನ್ನು ಇಳಿಸಿ, ಧೂಳು ಕೂಡ ಒರೆಸದೆ ಮುಂದಿಟ್ಕೊಂಡು, ಎರಡು ರಾತ್ರಿ ಕೂತು ಇದ್ದಿಲಲ್ಲಿ ಬಿಡಿಸಿದಳು. ಹಾಳೆಯ ತುಂಬಾ ಆ ಮೂರು ಸಾಮಾನು. ಕೆಳಗೆ ಮೂಲೆಯಲ್ಲಿ ಅರ್ಧ ಹೊಲಿದು ಬಿಟ್ಟ ಒಂದೇ ಒಂದು ಎಕ್ಕಡ. ರಂಪಿಗೆಯ ಹಿಡಿ ನಮ್ಮಪ್ಪನ ಅಂಗೈ ಬಿದ್ದ ಕಡೆ ಸವೆದಿದೆ. ಆ ಸವೆದ ಜಾಗವನ್ನ ಅವಳು ಹೇಗೆ ಬರೆದಿದ್ದಾಳೆ ಅಂದ್ರೆ, ನಮ್ಮಣ್ಣ ನೋಡಿ ಮಾತಾಡದೆ ಎದ್ದು ಹೊರಗೆ ಹೋದ.

20ಕ್ಕೆ 9. ಕೆಂಪು ಇಂಕಿನಲ್ಲಿ: ‘ವಿಷಯಾಂತರ. ಪಾದರಕ್ಷೆಗೆ ಪ್ರಾಧಾನ್ಯವಿಲ್ಲ.’

ಕಂಪನಿ ಶೂ ಬಿಡಿಸಿದ ಹುಡುಗನಿಗೆ 17. ಅವನೂ ಒಳ್ಳೇ ಹುಡುಗನೇ, ಚೆನ್ನಾಗೇ ಬಿಡಿಸಿದ್ದಾನೆ, ಅವನ ಮೇಲೆ ನನಗೇನೂ ಸಿಟ್ಟಿಲ್ಲ. ನಾನು ಕೇಳ್ತಿರೋದು ಮೇಷ್ಟ್ರನ್ನ. 12ನೇ ಶತಮಾನದಲ್ಲಿ ಮಾದಾರ ಚೆನ್ನಯ್ಯ ತನ್ನ ವಚನಗಳ ಅಂಕಿತದೊಳಕ್ಕೇ ಉಳಿ, ಕತ್ತಿ, ಅಡಿಗೂಟ ತಂದು ಕೂರಿಸಿದ. ದೇವರ ಹೆಸರಿನ ಪಕ್ಕ ಕೂತ ಉಳಿ ನಿಮ್ಮ ಡ್ರಾಯಿಂಗ್ ಶೀಟಿನ ಮೇಲೆ ಕೂತರೆ ವಿಷಯಾಂತರ ಹೇಗಾಯ್ತು?

ಆಮೇಲೆ ಹೊರಾಂಗಣ ಚಿತ್ರ. ವಿಷಯ: ನನ್ನ ಊರು. ನೀವೂ ನೋಡಿರ್ತೀರಿ, ಇಂಥ ಚಿತ್ರಗಳಲ್ಲಿ ಊರು ಅಂದ್ರೆ ಯಾವಾಗಲೂ ಒಂದು ಗುಡಿ, ಅರಳಿಕಟ್ಟೆ, ಬಾವಿ, ಸೊಂಟದ ಮೇಲೆ ಬಿಂದಿಗೆ ಇಟ್ಕೊಂಡ ಹೆಂಗಸು. ಆ ಬಾವಿಗೆ ಯಾರು ಇಳೀಬಹುದು, ಯಾರು ದೂರ ನಿಂತು ಯಾರಾದರೂ ಹುಯ್ಯಲಿ ಅಂತ ಕಾಯಬೇಕು, ಅದು ಜಲವರ್ಣದಲ್ಲಿ ಕಾಣಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಗೆ ಇಳಿದಿದ್ದು ಇದೇ ನೀರಿಗೆ. ನಮ್ಮ ಹುಡುಗಿ ಹಟ್ಟಿಯೊಳಗೆ ಕೂತು ಕಂಡದ್ದನ್ನ ಬಿಡಿಸಿದಳು: ಮಿನಿ ಟ್ಯಾಂಕು, ಸಾಲು ಬಿಂದಿಗೆ, ಮುಚ್ಚದ ಚರಂಡಿ, ಅಂಬೇಡ್ಕರ್ ಬೋರ್ಡು, ದೂರದಲ್ಲಿ ಮರಗಳ ಹಿಂದೆ ಗೋಪುರದ ತುದಿ. ಗುಡಿ ಇದೆ ಸ್ವಾಮಿ ಚಿತ್ರದಲ್ಲಿ! ನಮಗೆ ಎಷ್ಟು ಕಾಣುತ್ತೋ ಅಷ್ಟು ಇದೆ. ‘ಇದು ಲ್ಯಾಂಡ್‌ಸ್ಕೇಪ್ ಅಲ್ಲಮ್ಮ, ಪೋಸ್ಟರು’ ಅಂದರಂತೆ.

ನನಗೆ ಹೊಟ್ಟೆ ಉರಿದಿದ್ದು ಇದಕ್ಕೂ ಅಲ್ಲ, ಮಾಡೆಲ್ ಕ್ಲಾಸಿನ ವಿಷಯಕ್ಕೆ. ಮನುಷ್ಯರ ಮೈಕಟ್ಟು ಕಲಿಯೋಕೆ ಕೂಲಿ ಕೊಟ್ಟು ಒಬ್ಬರನ್ನ ಕೂರಿಸ್ತಾರೆ. ಬರೋರು ಯಾರು? ಗಾರೆ ಕೆಲಸ ಸಿಗದ ದಿನ ಬರೋ ಒಬ್ಬ ವಯಸ್ಸಾದ ಅಮ್ಮ. ಮೂರು ಗಂಟೆ ಅಲ್ಲಾಡದೆ ಕೂರಬೇಕು. ಮಧ್ಯಾಹ್ನ ನಮ್ಮ ಹುಡುಗಿ ಡಬ್ಬಿ ಹಂಚಿಕೊಂಡು ಆಕೆಯ ಹೆಸರು, ಊರು ಕೇಳಿದಳು. ಚಿತ್ರದ ಕೆಳಗೆ ಬರೆದಳು. ಅಳಿಸು ಅಂದರು. ಇದು ಫಿಗರ್ ಸ್ಟಡಿ, ಹೆಸರು ಹಾಕೋ ಹಾಗಿಲ್ಲವಂತೆ. ಅದೇ ಕಾಲೇಜಿನ ವರಾಂಡದಲ್ಲಿ ಹಿಂದಿನ ಪ್ರಾಂಶುಪಾಲರ ತೈಲಚಿತ್ರಗಳ ಕೆಳಗೆ ಹೆಸರು, ಡಿಗ್ರಿ, ಸೇವಾವಧಿ ಎಲ್ಲಾ ಚಿನ್ನದ ಅಕ್ಷರದಲ್ಲಿದೆ. ಜೀವಮಾನವೆಲ್ಲ ನಮ್ಮೋರು ಚಿತ್ರದೊಳಗೆ ಕೂರಬಹುದು, ಬಾಗಿರಬಹುದು, ಸುಕ್ಕು ತೋರಿಸಬಹುದು. ಹೆಸರು ಇರಬಾರದು, ಎದ್ದು ಬಂದು ಪೆನ್ಸಿಲ್ ಹಿಡೀಬಾರದು.

1943ರ ಬಂಗಾಳದ ಬರಗಾಲದಲ್ಲಿ ಚಿತ್ತಪ್ರಸಾದ್ ಮಿಡ್ನಾಪುರದ ಹಳ್ಳಿಗಳಲ್ಲಿ ನಡೆದು ಸಾಯುತ್ತಿದ್ದವರನ್ನ ಬಿಡಿಸಿದರು, ಹೆಸರು ಊರು ಸಮೇತ. ಆ ಪುಸ್ತಕದ ಪ್ರತಿಗಳನ್ನ ಬ್ರಿಟಿಷರು ಹಿಡಿದು ನಾಶ ಮಾಡಿದರು. ಅವರು ತಮ್ಮ ಬ್ರಾಹ್ಮಣ ಅಡ್ಡಹೆಸರನ್ನೇ ಬಿಟ್ಟವರು. ನಾಗಪುರದ ಸವಿ ಸಾವರ್ಕರ್ (ಹೆಸರು ನೋಡಿ ಗಾಬರಿ ಬೀಳಬೇಡಿ, ಇವರು ನಮ್ಮವರು) ಕೊರಳಲ್ಲಿ ಮಡಕೆ ಕಟ್ಟಿಕೊಂಡು, ಪೊರಕೆ ಹೊತ್ತು ನಡೆಯಬೇಕಾಗಿದ್ದ ಅಸ್ಪೃಶ್ಯನನ್ನ ಎಚ್ಚಿಂಗಿನಲ್ಲಿ ತಂದರು, ದೆಹಲಿಯ ಕಲಾ ಕಾಲೇಜಿನಲ್ಲಿ ಪಾಠ ಮಾಡಿದರು. ಈ ಎರಡು ಹೆಸರೂ ನಮ್ಮ ಹುಡುಗಿಯ ಕ್ಲಾಸ್ ನೋಟ್ಸಿನಲ್ಲಿಲ್ಲ. ರವಿವರ್ಮ 14 ಪುಟ ಇದ್ದಾನೆ.

ಈಗ ನಮ್ಮವರಿಗೂ ಒಂದು ಮಾತು. ಬೇಜಾರಾದರೂ ಪರವಾಗಿಲ್ಲ. ಹೋದ ತಿಂಗಳು ಒಬ್ಬ ಹಿರಿಯ ಸಂಗಾತಿ, ‘ಚಿತ್ರ ಬರೆದು ಹೊಟ್ಟೆ ತುಂಬುತ್ತೇನಪ್ಪಾ, ಎಫ್‌ಡಿಎ ಬರೆಸು’ ಅಂದರು. ಏಪ್ರಿಲ್ 14 ಬಂದಾಗ ಮಾತ್ರ ಇದೇ ಹುಡುಗಿಗೆ ಫೋನು: ಬ್ಯಾನರ್ ಮಾಡ್ಕೊಡಮ್ಮ, ಬಣ್ಣದ ದುಡ್ಡು ಆಮೇಲೆ ಕೊಡ್ತೀವಿ. ಒಂದು ಕಾಲದಲ್ಲಿ ಡಿಎಸ್‌ಎಸ್ ಹುಡುಗರು ಸುಣ್ಣ ನೀಲಿ ಕಲಸಿಕೊಂಡು ರಾತ್ರಿಯೆಲ್ಲ ಗೋಡೆ ಬರೀತಿದ್ದರು, ಈಗ ಫ್ಲೆಕ್ಸ್ ಅಂಗಡಿಗೆ ಹೋಗ್ತೀವಿ. ಬಾಬಾಸಾಹೇಬರು ಕೊನೆಗಾಲದಲ್ಲಿ, ಅಷ್ಟು ಕಾಯಿಲೆ, ಅಷ್ಟು ಕೆಲಸದ ಮಧ್ಯೆ, ಚಿತ್ರಕಲೆ ಕಲಿಯೋಕೆ ಕೂತಿದ್ದರು. ಅವರಿಗೆ ಪುರುಸೊತ್ತಿತ್ತಾ? ಇಲ್ಲಿ ಸ್ಕಾಲರ್‌ಶಿಪ್ ಬರೋ ಹೊತ್ತಿಗೆ ವರ್ಷ ಮುಗೀತಾ ಇರುತ್ತೆ, ಕ್ಯಾನ್ವಾಸಿಗೆ ಜೂನಿನಲ್ಲೇ ದುಡ್ಡು ಬೇಕು. ಅದನ್ನ ಮೀಟಿಂಗಿನ ಅಜೆಂಡಾಕ್ಕೆ ಹಾಕಿ.

ನಾನು ಗುಮಾಸ್ತ. ಚಿತ್ರದ ಬಗ್ಗೆ ಮೇಷ್ಟ್ರ ಜೊತೆ ವಾದ ಮಾಡೋ ಓದು ನನಗಿಲ್ಲ, ಆದ್ರೆ ಕಾಗದ ಹೆಂಗೆ ನಡೀತದೆ ಅಂತ ಗೊತ್ತು. ಉತ್ತರ ಪತ್ರಿಕೆ ನೋಡೋದು ವಿದ್ಯಾರ್ಥಿಯ ಹಕ್ಕು ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸೋಮವಾರ ಅವಳ ಹೆಸರಲ್ಲೇ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೀವಿ. ಕೇಳಿರೋದು ಮೂರು: ಮೌಲ್ಯಮಾಪನದ ಮಾನದಂಡದ ಪ್ರತಿ, ಆ ಅಸೈನ್‌ಮೆಂಟಿಗೆ ಹೆಸರು ಮುಚ್ಚಿ ಎಲ್ಲರ ಅಂಕಪಟ್ಟಿ, ಮಾಡೆಲ್‌ಗಳಿಗೆ ಕೊಟ್ಟ ಕೂಲಿಯ ವೋಚರ್. ಅರ್ಜಿ ಹಾಕಿದ್ರೆ ಇಂಟರ್ನಲ್ಸ್‌ನಲ್ಲಿ ಇನ್ನೂ ಕಡೀತಾರೇನೋ ಅಂತ ನಾನೇ ಹಿಂಜರಿದೆ. ಅವಳು ಸಹಿ ಹಾಕಿ ಕವರ್ ಅಂಟಿಸಿದಳು.

ಬೇರೆ ಕಲಾ ಕಾಲೇಜುಗಳಲ್ಲಿ ಓದ್ತಿರೋ ನಮ್ಮ ಮಕ್ಕಳು ಈ ವರ್ಷದ ಅಸೈನ್‌ಮೆಂಟ್ ಪಟ್ಟಿ, ಬಂದ ರಿಮಾರ್ಕ್ ಎರಡನ್ನೂ ಫೋಟೋ ತೆಗೆದು ಇನ್‌ಬಾಕ್ಸಿಗೆ ಹಾಕಿ. ಹೆಸರು ಹೊರಗೆ ಬರಲ್ಲ. 30 ದಿನಕ್ಕೆ ಉತ್ತರ ಬರಬೇಕು, ಬಂದದ್ದನ್ನ ಇಲ್ಲೇ ಹಾಕ್ತೀನಿ.

ಜೈಭೀಮ್.