ಆಮಿ ನೋಡಲಿಕ್ಕೆ ಈಜು ಯಾಕ ಬೇಕ್ರಿ?

ಹವಾಯಿಗೆ ಹೋಗಿ ಬಂದ ನಮ್ಮ ಪೈಕಿ ಹೆಣ್ಮಕ್ಕಳ ಫೋಟೋ ನೋಡ್ರಿ. ಅಳಿಯ ನೀರಾಗ, ಮಗಳು ನೀರಾಗ, ಮೊಮ್ಮಕ್ಕಳು ನೀರಾಗ. ಅವ್ವ ಮಾತ್ರ ಬೋಟಿನ್ಯಾಗ, ತೊಡಿ ಮ್ಯಾಲ ಮೂರು ಬ್ಯಾಗು, ಹೆಗಲ ಮ್ಯಾಲ ನಾಲ್ಕು ಟಾವೆಲ್ಲು. ಯಾಕ ಇಳೀಲಿಲ್ಲರೀ ಅಂದ್ರ ಎಲ್ಲಾರದೂ ಒಂದ ಉತ್ತರ, "ನಂಗ ಈಜು ಬರೂದಿಲ್ಲಲಾ." ಈ ಉತ್ತರ ನಾ ಒಪ್ಪೂದಿಲ್ಲ. ಬ್ಯಾಗ್ ಸೀಟಿನ ಕೆಳಗ ಇಟ್ರ ಯಾರೂ ಒಯ್ಯೂದಿಲ್ಲ.

ನಾ ನೋಡಿದ್ದು ಮಾವಿ ದ್ವೀಪ, ಅಲ್ಲೀದ ಹೇಳ್ತೀನಿ. ಮಧ್ಯಾಹ್ನ ಆತಂದ್ರ ಅಲ್ಲೆ ಗಾಳಿ ಜೋರು, ಅದಕ್ಕ ಬೋಟ್ ಮುಂಜಾನೆ ಲಗೂನ ಬಿಡ್ತಾರ. ಮೊದಲು ಮೊಲೊಕಿನಿ. ಅದು ಮುಳುಗಿದ ಜ್ವಾಲಾಮುಖಿ ಬಾಯಿ, ಅರ್ಧ ತಿಂದಿಟ್ಟ ಕೋಡಬಳಿ ಹಂಗ ನೀರಿನ ಮ್ಯಾಲ ಕಾಣ್ತದ. ಅಲ್ಲೆ ಬಣ್ಣಬಣ್ಣದ ಮೀನು. ಆಮ್ಯಾಲೆ ದಂಡಿ ಕಡೆ ಬಂದು ನಿಲ್ಲಸ್ತಾರ, ಆ ಜಾಗಾಕ್ಕ ಬೋಟಿನವರು ಟರ್ಟಲ್ ಟೌನ್ ಅಂತಾರ. ಊರೇನಲ್ಲ ಮತ್ತ, ಬರೇ ಕಲ್ಲು, ಹವಳ, ಆಮಿ.

ಅಲ್ಲಿ ಹಸಿರು ಆಮಿಗೆ ಅಲ್ಲಿಯ ಜನ 'ಹೊನು' ಅಂತಾರ. ಬೆಳೆದದ್ದು ನೂರು ಕಿಲೋ ದಾಟ್ತದ, ಆದ್ರ ತಿನ್ನೂದು ಹೆಚ್ಚಾಗಿ ಸಮುದ್ರದ ಪಾಚಿ. ನೀರಾಗ ಇದ್ರೂ ಅದು ಮೀನಲ್ಲ, ನಮ್ಮಂಗ ಅದಕ್ಕೂ ಗಾಳಿ ಬೇಕು. ಮಲಗಿದಾಗ ತಾಸುಗಟ್ಟಲೆ ಕೆಳಗ ಇರ್ತದ ಖರೆ, ಆದ್ರ ಓಡಾಡೋ ಹೊತ್ತಿನ್ಯಾಗ ಕೆಲವು ನಿಮಿಷಕ್ಕೊಮ್ಮೆ ಮ್ಯಾಲ ಬಂದು ಉಸಿರು ತಗೊಂಡ ಹೋಗಬೇಕು. ಈಗ ಭಾಳ ಈಜು ಬರೋರು ಏನ ಮಾಡ್ತಾರ? ಕ್ಯಾಮೆರಾ ಹಿಡಕೊಂಡು ಬೆನ್ನ ಹತ್ತತಾರ, ಇಲ್ಲಾ ಹತ್ತು ಮಂದಿ ಕೂಡಿ ಅದರ ತಲಿ ಮ್ಯಾಲ ತೇಲಿಕೋತ ನಿಲ್ತಾರ. ಒಲಿ ಮುಂದ ಬೆಂದಾಕಿ ಒಂದು ಉಸಿರು ಗಾಳಿಗೆ ಹಿತ್ತಲಿಗೆ ಹೊಂಟ್ರ, ಬಾಗಲದಾಗ ಹತ್ತು ಮಂದಿ ಮೊಬೈಲ್ ಹಿಡಕೊಂಡು ನಿಂತಂಗ. ಹಂಗ ಮಾಡಬಾರದು ಅಂತನ 10 ಫೂಟು ದೂರ ಇರ್ರಿ ಅಂತ ಅಲ್ಲಿ ಅಧಿಕಾರಿಗಳು ಹೇಳ್ತಾರ, ತ್ರಾಸ ಕೊಟ್ರ ಅಪರಾಧ. ಮೊದಲು ಇದರ ಮಾಂಸ ಹೋಟೆಲಿನ್ಯಾಗ ಮಾರ್ತಿದ್ರಂತ. 1978ರಾಗ ಕಾಯ್ದೆ ರಕ್ಷಣೆ ಸಿಕ್ಕ ಮ್ಯಾಲನ ಹೊನು ಮತ್ತ ಹೆಚ್ಚಾದ್ವು.

ಅಂದ್ರ ಆಮಿ ನೋಡೋರು ಮಾಡಬೇಕಾದ್ದು ಏನು? ಸುಮ್ಮನ ತೇಲೂದು. ಈಜು ಬರದ ನಮ್ಮಂಥಾರಿಗೆ ಅದೊಂದ ಬರ್ತದ! ತೇಲೋ ಜಾಕೆಟ್ ಕೊಡ್ತಾರ, ಕಂಕುಳಾಗ ಹಿಡಕೊಳ್ಳಿಕ್ಕೆ ಉದ್ದನ್ನ ಫೋಮಿನ ಕೋಲು ಕೊಡ್ತಾರ. ಅದಕ್ಕ ನೂಡಲ್ ಅಂತಾರ, ಮ್ಯಾಗಿ ಅಲ್ಲ. ನಮ್ಮ ಅಳಿಯಂದ್ರು ಛಲೋ ಈಜಗಾರರು, ಆಮಿ ಹಿಂದ ಹೋಗಿ ಬರೇ ಬಾಲ ನೋಡಿ ಬಂದ್ರು. ನಾ ನೂಡಲ್ ಹಿಡಕೊಂಡು ಕಟಗಿ ಹಂಗ ಬಿದ್ದಿದ್ದೆ. ಕೆಳಗ ಒಂದು ಆಮಿ ಅಲ್ಲಾಡದ ನಿಂತಿತ್ತು, ಸಣ್ಣ ಮೀನು ಅದರ ಬೆನ್ನಿನ ಪಾಚಿ ಆರಿಸಿ ಆರಿಸಿ ತಿನ್ನಲಿಕ್ಕೆ ಹತ್ತಿದ್ವು. ತೌರಿಗೆ ಬಂದ ಮಗಳು ಅವ್ವನ ಕಡೆ ತಲಿಗೆ ಎಣ್ಣಿ ಹಚ್ಚಿಸಿಕೋತ ಕಣ್ಣು ಮುಚ್ಚಿ ಕೂಡ್ತಾಳಲಾ, ಪಕ್ಕಾ ಹಂಗ. ಆಮ್ಯಾಲೆ ತಾನ ಮೆಲ್ಲಕ ಮ್ಯಾಲ ಬಂತು, ಅಷ್ಟು ದೂರದಾಗ ಮೂಗು ಹೊರಗ ಹಾಕಿ 'ಫುಸ್' ಅಂತ ಉಸಿರು ಬಿಟ್ಟು ಮತ್ತ ಇಳೀತು. ಆ ಸಪ್ಪಳ ಬೋಟಿನ್ಯಾಗ ಕೂತೋರಿಗೆ ಕೇಳಸೂದಿಲ್ಲ.

ಇನ್ನ ಅರಿವಿ ವಿಷಯ. ನಾಚಿಗಿ ಅಂತೀರಿ. ಅಲ್ಲೆ ಬಿಸಲು ಹೆಂಗದ ಅಂದ್ರ ಅಮೆರಿಕಾದ ಹೆಂಗಸರೂ ತುಂಬು ತೋಳಿನ ಈಜು ಅಂಗಿ, ಉದ್ದನ್ನ ಚೊಣ್ಣ ಹಾಕ್ಕೋತಾರ. ಹವಳಕ್ಕ ಕೇಡು ಅಂತ ಕೆಲವು ಕೆಮಿಕಲ್ ಇರೋ ಸನ್‌ಸ್ಕ್ರೀನ್ 2021ರಿಂದ ಹವಾಯಿಯೊಳಗ ಮಾರೋಹಂಗಿಲ್ಲ. ಮೈ ಮುಚ್ಚೋ ಅಂಗಿ ಎಲ್ಲಾದಕ್ಕೂ ಛಲೋ.

ಹೆದರಿಕಿ ಇರಬೇಕು, ಅದನ್ನ ನಾ ಇಲ್ಲ ಅನ್ನೂದಿಲ್ಲ. ಹವಾಯಿಯೊಳಗ ಪ್ರವಾಸಿಗರು ಮುಳುಗಿ ಸಾಯೂದ್ರಾಗ ಸ್ನಾರ್ಕಲಿಂಗ್ ಮುಂದ ಅದ, ಅದರಾಗೂ ನಮ್ಮ ವಯಸ್ಸಿನವರು. ಹಾರ್ಟು, ಬಿಪಿ ಇದ್ದೋರು ಡಾಕ್ಟರನ್ನ ಕೇಳದ ಇಳೀಬ್ಯಾಡ್ರಿ. ಮಾಸ್ಕ್ ಮೂಗು ಮುಚ್ಚತದ, ಬಾಯಿಲೆ ಉಸಿರಾಡಬೇಕು. ಅದನ್ನ ಮೊದಲು ನಿಂತ್ರ ಕಾಲು ನೆಲಕ್ಕ ಮುಟ್ಟೋ ನೀರಾಗ ನಾಲ್ಕು ದಿನ ರೂಢಿ ಮಾಡ್ರಿ. ಒಬ್ಬಾಕೆ ಇಳೀಬ್ಯಾಡ್ರಿ. ದಮ್ಮು ಹತ್ತಿತಂದ್ರ 'ಸ್ವಲ್ಪ ತಡೀಲಿ' ಅನ್ನಬ್ಯಾಡ್ರಿ, ಕೈ ಎತ್ತಿ ಕೂಗ್ರಿ. ಹೊಟ್ಟಿನೋವು ಬಂದ್ರೂ ಊಟಕ್ಕ ಬಡಿಸಿ ಆಮ್ಯಾಲೆ ಹೇಳೋ ಜಾತಿ ನಮ್ಮದು, ನೀರಾಗ ಅದು ನಡಿಯೂದಿಲ್ಲ.

ಕೂರ್ಮಾವತಾರ, ಒಮ್ಮೆ ಮುಟ್ಟಿ ನಮಸ್ಕಾರ ಮಾಡಿದ್ರ ಏನಾತು ಅಂತ ನಮ್ಮ ನಾದಿನಿ ಕೇಳಿದ್ಲು. ಗರ್ಭಗುಡಿ ಒಳಗ ಹೋಗಿ ದೇವರನ್ನ ಮುಟ್ಟತಿ ಏನವಾ ಅಂದೆ. ಚಿಪ್ಪು ಕಲ್ಲಲ್ಲ, ಮುಟ್ಟಿದ್ದು ಅದಕ್ಕ ಗೊತ್ತಾಗ್ತದ.

ಹವಾಯಿ ದೂರ, ರೊಕ್ಕಾ ಭಾಳ ಅನ್ನೋರಿಗೆ ಮುರ್ಡೇಶ್ವರ ಅದ. ಮಳಿಗಾಲ ಬಿಟ್ಟು ಅಲ್ಲಿಂದ ನೇತ್ರಾಣಿಗೆ ಬೋಟ್ ಹೋಗ್ತಾವ, ಕಲಿಸೋರು ಜೋಡಿ ಇಳೀತಾರ. ಆಮಿ ಒಮ್ಮೊಮ್ಮೆ ಕಾಣ್ತಾವ, ಕಾಣದನೂ ಇರಬಹುದು. ನಮ್ಮಲ್ಲೂ 1972ರ ಕಾಯ್ದೆ ಅದ, ಮುಟ್ಟೋಹಂಗಿಲ್ಲ. ಬರೋ ಡಿಸೆಂಬರದಾಗ ಹೋಗೋಣು ಅಂತ ನಮ್ಮ ವೈನಿ ಅಂದಾರ. ಯಾರ್ಯಾರು ಬರ್ತೀರಿ ಲಗೂನ ಹೇಳ್ರಿ. ನೀರಿಗೆ ಇಳಿಯೋರ ಹೆಸರು ಅಷ್ಟ ಬರಕೊಳ್ಳಿಕ್ಕೆ ಹತ್ತೀನಿ.