ಚೆಂಡು ಕಸಿಯೋದು ಕಲಿಸಿದರೆ ಬರುತ್ತಾ?

ಮಕ್ಕಳೇ, ಹೋದ ಭಾನುವಾರ ಅಮೆರಿಕದಿಂದ ಮೊಮ್ಮಗ ಫೋನು ಮಾಡಿದ್ದ. 11 ವರ್ಷದ ಹುಡುಗ. ಯಾವಾಗಲೂ “ಅಜ್ಜಿ, ಊಟ ಆಯ್ತಾ?” ಅಂತ ಶುರು ಮಾಡುವವನು ಅವತ್ತು ನೇರವಾಗಿ “ಅಜ್ಜಿ, ನಾನು ಫುಟ್‌ಬಾಲ್ ಬಿಟ್ಟುಬಿಡ್ತೀನಿ” ಅಂದ. ಕೋಚ್ ಅವನನ್ನು ಪ್ರತಿ ಸಲವೂ ಡಿಫೆನ್ಸಿಗೇ ನಿಲ್ಲಿಸುತ್ತಾರಂತೆ. ಶನಿವಾರ ಎದುರು ತಂಡದ ಹುಡುಗ ಎರಡು ಸಲ ಇವನನ್ನು ದಾಟಿಕೊಂಡು ಓಡಿಹೋದನಂತೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಹಗ್ಗದ ಆಚೆ ನಿಂತಿದ್ದ ಯಾರೋ ದೊಡ್ಡವರು, “ಡಿಫೆನ್ಸ್ ಅನ್ನೋದು ಹುಟ್ಟಿನಿಂದ ಬರಬೇಕು, ಕಲಿಸಿದರೆ ಬರೋದಲ್ಲ” ಅಂದದ್ದು ಇವನ ಕಿವಿಗೆ ಬಿದ್ದಿದೆ.

“ಅದು ನಿಜಾನಾ ಅಜ್ಜಿ?”

ನನಗೇನು ಗೊತ್ತು? ಎರಡು ವರ್ಷದ ಹಿಂದೆ ಮಗಳ ಮನೆಯಲ್ಲಿ ಆರು ತಿಂಗಳು ಇದ್ದಾಗ ಇವನ ಪಕ್ಕ ಕೂತು ಟಿವಿಯಲ್ಲಿ ಆ ಆಟ ನೋಡಿದ್ದು ಬಿಟ್ಟರೆ ಬೇರೆ ಜ್ಞಾನವಿಲ್ಲ. “ಒಂದು ವಾರ ಟೈಮ್ ಕೊಡೋ, ಓದಿಕೊಂಡು ಹೇಳ್ತೀನಿ” ಅಂದೆ. ಓದಿದೆ, ಹಳೆಯ ವಿಡಿಯೋಗಳನ್ನೂ ನೋಡಿದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಆಟ ಯಾವುದು ಅಂತ ತಿಳಿಯಬೇಕಲ್ಲ. ಅಮೆರಿಕದವರು ಫುಟ್‌ಬಾಲ್ ಅನ್ನುವುದು ನಮ್ಮ ಕಾಲ್ಚೆಂಡಾಟವನ್ನಲ್ಲ. ಅವರ ಚೆಂಡು ಎರಡೂ ತುದಿ ಚೂಪಾಗಿರುವ ಉದ್ದುರುಟು ಚೆಂಡು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಒಂದೊಂದು ಕಡೆ 11 ಜನ, ಮೈದಾನ 100 ಗಜ. ಚೆಂಡಿದ್ದ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್. ಅವರನ್ನು ತಡೆಯುವವರೇ ಡಿಫೆನ್ಸಿನವರು. ದೊಡ್ಡವರು ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನಮ್ಮ ಹುಡುಗ ಆಡುವುದು ಫ್ಲಾಗ್ ಫುಟ್‌ಬಾಲ್. ಅದರಲ್ಲಿ ಬೀಳಿಸುವುದಿಲ್ಲ, ಓಡುವವನ ಸೊಂಟಕ್ಕೆ ಕಟ್ಟಿದ ಬಟ್ಟೆಯ ಪಟ್ಟಿಯನ್ನು ಕಿತ್ತರೆ ಸಾಕು. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೂ ಈ ಫ್ಲಾಗ್ ಆಟವನ್ನು ಸೇರಿಸಿದ್ದಾರೆ.

ತಡೆಯುವವನ ಕಷ್ಟ ನೋಡಿ. ಚೆಂಡು ಹಿಡಿಯಲು ಓಡುವವನಿಗೆ ತಾನು ಎಲ್ಲಿ ತಿರುಗುತ್ತೇನೆ ಅಂತ ಮೊದಲೇ ಗೊತ್ತು. ತಡೆಯುವವನಿಗೆ ಗೊತ್ತಿಲ್ಲ. ಅವನ ಮುಖ ನೋಡುತ್ತಾ ತಾನು ಹಿಂದಕ್ಕೆ ಓಡಬೇಕು, ಅವನು ತಿರುಗಿದ ಕ್ಷಣ ತಾನೂ ತಿರುಗಬೇಕು. ಕಬಡ್ಡಿಯಲ್ಲಿ ರೈಡ್‌ಗೆ ಬಂದವನ ಕಾಲು ಹಿಡಿಯಲು ಕಾಯುವವರನ್ನು ನೋಡಿದ್ದೀರಲ್ಲ, ಹಾಗೆ. ಅರ್ಧ ಕ್ಷಣ ತಡವಾದರೆ ಮುಗಿಯಿತು. ಅದಕ್ಕೇ ಚೆನ್ನಾಗಿ ಮಾಡುವವನನ್ನು ಕಂಡರೆ “ಇದು ಹುಟ್ಟುಗುಣ” ಅನ್ನಿಸಿಬಿಡುತ್ತದೆ.

ಈಗ ಮಾಲ್ಕಮ್ ಬಟ್ಲರ್‌ನ ಕಥೆ ಕೇಳಿ.

ಅವನು ಮಿಸಿಸಿಪಿ ರಾಜ್ಯದ ವಿಕ್ಸ್‌ಬರ್ಗ್ ಊರಿನ ಹುಡುಗ. ಕೋಳಿ ಕರಿದು ಮಾರುವ ಹೋಟೆಲಿನಲ್ಲಿ ಕೆಲಸ ಮಾಡಿದವನು. ವೆಸ್ಟ್ ಅಲಬಾಮಾ ಎಂಬ ಸಣ್ಣ ವಿಶ್ವವಿದ್ಯಾಲಯದಲ್ಲಿ ಆಡುತ್ತಿದ್ದ. ದೊಡ್ಡ ತಂಡಗಳು ವರ್ಷಕ್ಕೊಮ್ಮೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ 2014ರಲ್ಲಿ ಇವನ ಹೆಸರನ್ನು ಯಾರೂ ಕೂಗಲಿಲ್ಲ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ “ಬಂದು ಆಡಿ ತೋರಿಸು” ಅಂತ ಕರೆಯಿತು. ಹೇಗೋ ಒಳಗೆ ಸೇರಿಕೊಂಡ.

2015ರ ಫೆಬ್ರವರಿ 1. ಅರಿಝೋನಾದ ಗ್ಲೆಂಡೇಲ್‌ನಲ್ಲಿ ಸೂಪರ್ ಬೌಲ್, ಅಂದರೆ ಆ ವರ್ಷದ ಫೈನಲ್. ಎದುರಿಗೆ ಸಿಯಾಟಲ್ ಸೀಹಾಕ್ಸ್. ಪೇಟ್ರಿಯಟ್ಸ್ 28, ಸೀಹಾಕ್ಸ್ 24. ಆಟ ಮುಗಿಯಲು ಒಂದು ನಿಮಿಷ ಚಿಲ್ಲರೆ ಉಳಿದಿದೆ. ಸಿಯಾಟಲ್‌ನ ಜರ್ಮೇನ್ ಕರ್ಸ್ ಕಡೆಗೆ ದೂರದಿಂದ ಚೆಂಡು ಬಂತು. ಅವನನ್ನು ಕಾಯುತ್ತಿದ್ದವನು ನಮ್ಮ ಬಟ್ಲರ್. ಸರಿಯಾಗಿಯೇ ಹಾರಿ ಚೆಂಡಿಗೆ ಕೈ ತಗುಲಿಸಿದ. ಆದರೆ ಅದೃಷ್ಟ ನೋಡಿ, ನೆಲಕ್ಕೆ ಬಿದ್ದಿದ್ದ ಕರ್ಸ್‌ನ ಕಾಲಿಗೆ, ಕೈಗೆ ತಾಗಿ ಪುಟಿದು ಚೆಂಡು ಅವನ ಕೈಗೇ ಬಂದು ಕೂತಿತು! ಬಟ್ಲರ್ ತಲೆ ಬಗ್ಗಿಸಿಕೊಂಡು ಹೊರಗೆ ಬಂದ. ತಂಡ ಸೋತರೆ ತನ್ನಿಂದಲೇ ಸೋತಂತೆ, ಅಲ್ಲವೇ?

ಮುಂದಿನ ಓಟಕ್ಕೆ ಚೆಂಡು ಗೆರೆಯಿಂದ ಒಂದೇ ಗಜ ದೂರಕ್ಕೆ ಬಂತು. 26 ಸೆಕೆಂಡ್ ಬಾಕಿ. ಪೇಟ್ರಿಯಟ್ಸ್‌ನವರು ಬಟ್ಲರ್‌ನನ್ನು ಮತ್ತೆ ಒಳಗೆ ಕಳಿಸಿದರು. ಎದುರಿಗೆ ಇಬ್ಬರು ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಮುಂದಿನವನು ದಾರಿಗೆ ಅಡ್ಡ ನಿಲ್ಲುವುದು, ಹಿಂದಿನವನು ಆ ಮರೆಯಲ್ಲಿ ಒಳಕ್ಕೆ ನುಗ್ಗಿ ಚೆಂಡು ಹಿಡಿಯುವುದು, ಇದು ಉಪಾಯ. ಬಟ್ಲರ್ ಮುಂದಕ್ಕೆ ಹಾರಿದ. ರಸೆಲ್ ವಿಲ್ಸನ್ ಎಸೆದ ಚೆಂಡು ರಿಕಾರ್ಡೊ ಲಾಕೆಟ್‌ನ ಕೈಗೆ ಸೇರುವ ಮೊದಲೇ ಬಟ್ಲರ್‌ನ ತೋಳಿನಲ್ಲಿತ್ತು. ಪೇಟ್ರಿಯಟ್ಸ್ ಗೆದ್ದಿತು. ದೊಡ್ಡ ಲೀಗಿನಲ್ಲಿ ಅವನು ಎದುರಾಳಿಯ ಎಸೆತವನ್ನು ಕಸಿದದ್ದು ಅದೇ ಮೊದಲ ಸಲ.

ಪವಾಡ ಅನ್ನಿಸುತ್ತದಲ್ಲವೇ? ನನಗೂ ಹಾಗೇ ಅನ್ನಿಸಿತು. ಆದರೆ ಇದೇ ಆಟವನ್ನು ಆ ಪಂದ್ಯಕ್ಕೆ ಮುಂಚೆ ಅಭ್ಯಾಸದಲ್ಲಿ ತಂಡದವರೇ ಬಟ್ಲರ್‌ನ ಮೇಲೆ ಆಡಿಸಿ ನೋಡಿದ್ದರು. ಅವತ್ತು ಅವನು ಅಡ್ಡ ನಿಂತವನನ್ನು ಸುತ್ತಿಕೊಂಡು ಹಿಂದಿನಿಂದ ಹೋಗಿ ಸೋತಿದ್ದ. ಕೋಚ್ ಬಿಲ್ ಬೆಲಿಚೆಕ್ ಅವನನ್ನು ತಿದ್ದಿದ್ದರು. ಅಂದರೆ ಇಡೀ ದೇಶ ನೋಡುತ್ತಿದ್ದ ರಾತ್ರಿ ಬಟ್ಲರ್ ಎರಡನೆಯ ಸಲ ಅದೇ ಪ್ರಶ್ನೆಗೆ ಉತ್ತರ ಬರೆದ. ಇನ್ನೊಂದು ವಿಷಯ: ಅಡ್ಡ ನಿಲ್ಲಬೇಕಿದ್ದ ಕರ್ಸ್‌ನನ್ನು ಬ್ರಾಂಡನ್ ಬ್ರೌನರ್ ಎಂಬ ಜೊತೆಗಾರ ನಿಂತಲ್ಲೇ ಒತ್ತಿ ಹಿಡಿದಿದ್ದರಿಂದ ಬಟ್ಲರ್‌ಗೆ ದಾರಿ ಸಿಕ್ಕಿತು. ಆ ಬ್ರೌನರ್ ಹಿಂದೆ ಸಿಯಾಟಲ್‌ಗೇ ಆಡಿದ್ದವನು! ಅವನ ಹೆಸರು ಎಷ್ಟು ಜನಕ್ಕೆ ನೆನಪಿದೆಯೋ. ಪಂದ್ಯದ ಶ್ರೇಷ್ಠ ಆಟಗಾರನಿಗೆ ಅಂತ ಟಾಮ್ ಬ್ರೇಡಿಗೆ ಬಂದ ಟ್ರಕ್ಕು ಕೊನೆಗೆ ಬಟ್ಲರ್‌ಗೆ ಹೋಯಿತು.

ಕೈಚಳಕವೂ ಕಲಿಯುವಂಥದ್ದೇ. ಶಿಕಾಗೊ ಬೇರ್ಸ್ ತಂಡದಲ್ಲಿ ಚಾರ್ಲ್ಸ್ ಟಿಲ್‌ಮನ್ ಅಂತ ಒಬ್ಬನಿದ್ದ. ಅಡ್ಡಹೆಸರು ಪೀನಟ್, ಅಂದರೆ ಕಡಲೆಕಾಯಿ. ಎಲ್ಲರೂ ಓಡುವವನನ್ನು ತಬ್ಬಿ ಬೀಳಿಸಲು ನೋಡಿದರೆ ಇವನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಮುಷ್ಟಿಯಿಂದ ಕಂಕುಳಲ್ಲಿದ್ದ ಚೆಂಡಿಗೆ ಗುದ್ದುತ್ತಿದ್ದ. ಮನುಷ್ಯನಿಗಲ್ಲ, ಚೆಂಡಿಗೆ. ಹೀಗೆ ಒಟ್ಟು 44 ಸಲ ಚೆಂಡು ಉದುರಿಸಿದ. 2012ರಲ್ಲಿ ಟೆನೆಸ್ಸಿ ಟೈಟನ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ನಾಲ್ಕು ಸಲ! ಈಗ ಅದಕ್ಕೆ ‘ಪೀನಟ್ ಪಂಚ್’ ಅಂತಲೇ ಹೆಸರು. ಕೋಚ್‌ಗಳು ಹುಡುಗರನ್ನು ಸಾಲಾಗಿ ನಿಲ್ಲಿಸಿ ಅದನ್ನು ಅಭ್ಯಾಸ ಮಾಡಿಸುತ್ತಾರೆ.

ಆದರೂ ಅದನ್ನು ಕಲಿತವರೆಲ್ಲ ಟಿಲ್‌ಮನ್ ಆಗಲಿಲ್ಲ, ಅದನ್ನೂ ಹೇಳಬೇಕು. ಕಾಲಿನ ವೇಗ, ತೋಳಿನ ಉದ್ದ ದೇವರು ಕೊಟ್ಟದ್ದು. ಡಿಕ್ ಲೇನ್ ಅಂಥವನು. ಹಸುಗೂಸಾಗಿದ್ದಾಗ ಕಸದ ತೊಟ್ಟಿಗೆ ಎಸೆದುಹೋಗಿದ್ದ ಮಗುವನ್ನು ಎಲಾ ಲೇನ್ ಎಂಬ ತಾಯಿ ತಂದು ಸಾಕಿದರು. ಬೆಳೆದು ಸೇನೆಯಲ್ಲಿದ್ದು ಬಂದು, ವಿಮಾನದ ಕಾರ್ಖಾನೆಯ ಕೆಲಸ ಬೇಸರವಾಗಿ, 1952ರಲ್ಲಿ ಲಾಸ್ ಏಂಜಲಿಸ್ ರ‍್ಯಾಮ್ಸ್ ತಂಡದ ಕಚೇರಿಗೆ ತಾನೇ ನಡೆದುಹೋಗಿ ಅವಕಾಶ ಕೇಳಿದ. ಆ ವರ್ಷ 12 ಪಂದ್ಯಗಳಲ್ಲಿ 14 ಸಲ ಎದುರಾಳಿಯ ಎಸೆತ ಕಸಿದ. ಈಗ ವರ್ಷಕ್ಕೆ 17 ಪಂದ್ಯ ಆಡಿದರೂ ಆ ದಾಖಲೆ ಮುರಿದಿಲ್ಲ. ಹುಟ್ಟುಪ್ರತಿಭೆ ಅನ್ನದೆ ಏನನ್ನೋಣ? ಆದರೆ ಅವನಿಗೆ ‘ನೈಟ್ ಟ್ರೇನ್’ ಅಂತ ಹೆಸರು ಬಂದದ್ದು ಹೇಗೆ ಗೊತ್ತೇ? ಆಟದ ಲೆಕ್ಕಾಚಾರ ಹೇಳಿಸಿಕೊಳ್ಳಲು ಟಾಮ್ ಫಿಯರ್ಸ್ ಎಂಬ ಹಿರಿಯ ಆಟಗಾರನ ಕೋಣೆಗೆ ಹೋಗುತ್ತಿದ್ದ. ಅಲ್ಲಿ ಆ ಹೆಸರಿನ ಹಾಡಿನ ರೆಕಾರ್ಡು ತಿರುಗುತ್ತಿತ್ತು. ಪಾಠಕ್ಕೆ ಹೋದವನಿಗೆ ಅಂಟಿಕೊಂಡ ಹೆಸರು ಅದು.

ಅವನ ವಿದ್ಯೆಯಲ್ಲಿ ಒಂದನ್ನು ಮಾತ್ರ ಯಾರೂ ಕಲಿಯಬೇಡಿ. ಓಡುವವನ ಕುತ್ತಿಗೆಗೆ ತೋಳು ಹಾಕಿ ಉರುಳಿಸುತ್ತಿದ್ದ. ಮುಖದ ಜಾಲರಿ ಹಿಡಿದು ಎಳೆಯುತ್ತಿದ್ದ. ಈಗ ಅದಕ್ಕೆಲ್ಲ ನಿಷೇಧ. ತಲೆಗೆ ಪೆಟ್ಟಾದ ಆಟಗಾರರು ಮುಪ್ಪಿನಲ್ಲಿ ಪಟ್ಟ ಪಾಡು ಓದಿದರೆ ಸಂಕಟವಾಗುತ್ತದೆ. ಸೀಹಾಕ್ಸ್ ತಂಡದ ಕೋಚ್ ಪೀಟ್ ಕ್ಯಾರಲ್ 2014ರಲ್ಲಿ ರಗ್ಬಿಯವರಂತೆ ತಲೆ ಪಕ್ಕಕ್ಕಿಟ್ಟು ಭುಜದಿಂದ ಬೀಳಿಸುವುದನ್ನು ವಿಡಿಯೋ ಮಾಡಿ ಎಲ್ಲ ಶಾಲೆಗಳಿಗೂ ಸಿಗುವಂತೆ ಮಾಡಿದರು. ಅದೂ ಕಲಿಸಿದರೆ ಬರುವ ವಿದ್ಯೆಯೇ.

ಹಾಗಾದರೆ ಕಲಿಸಲಾಗದ್ದು ಯಾವುದು? ನನ್ನ ಮಟ್ಟಿಗೆ ಒಂದೇ. ಎಲ್ಲರೆದುರು ಸೋತ ಒಂದು ನಿಮಿಷಕ್ಕೆ ಮತ್ತೆ ಒಳಗೆ ಹೋಗಿ ಹಿಂಜರಿಯದೆ ಹಾರುವುದು. ಬಟ್ಲರ್‌ಗೆ ಅದನ್ನು ಯಾವ ಕೋಚ್ ಹೇಳಿಕೊಟ್ಟರೋ ತಿಳಿಯದು. ಮೈದಾನದಲ್ಲಿ ಕಲಿಸುವಂಥದ್ದಲ್ಲ ಅನ್ನಿಸುತ್ತದೆ. ಆಟ ಮುಗಿಸಿ ಮನೆಗೆ ಬರುವಾಗ ಕಾರಿನಲ್ಲಿ ದೊಡ್ಡವರು ಏನು ಮಾತಾಡುತ್ತೇವೋ ಅದರಲ್ಲಿರಬೇಕು.

ಇದನ್ನು ಬರೆಯುವಾಗ ಹಳೆಯದೊಂದು ನೆನಪಾಯಿತು. ಮಗಳಿಗೆ ಹತ್ತು ವರ್ಷವಿದ್ದಾಗ ಸಂಗೀತದ ಪಾಠಕ್ಕೆ ಹೋಗುತ್ತಿದ್ದಳು. ಒಂದು ದಿನ ಶ್ರುತಿ ತಪ್ಪಿದಾಗ ನಾನೇ “ನಿಂಗೆ ಸಂಗೀತ ಒಲಿದಿಲ್ಲ ಬಿಡೇ” ಅಂದಿದ್ದೆ. ಬಿಟ್ಟಳು. ಮೊನ್ನೆ ಫೋನಿನಲ್ಲಿ ಅದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ನಂಗೆ ಚೆನ್ನಾಗಿ ನೆನಪಿದೆ ಅಮ್ಮ” ಅಂದಳು.

ಮೊಮ್ಮಗ ಈ ಶನಿವಾರವೂ ಆಡಲು ಹೋಗಿದ್ದ. ಒಂದು ಪಟ್ಟಿ ಕಿತ್ತನಂತೆ, ಒಂದು ಸಲ ಮತ್ತೆ ಸೋತನಂತೆ. “ಹೇಗೆ ಸೋತೆ, ಹೇಳು” ಅಂದೆ. ಕಾಲು ಎಲ್ಲಿತ್ತು, ಸೊಂಟ ಯಾವ ಕಡೆ ತಿರುಗಿತ್ತು, ಅವನು ಕಣ್ಣಿನಲ್ಲಿ ಹೇಗೆ ಮೋಸ ಮಾಡಿದ ಅಂತ ಹತ್ತು ನಿಮಿಷ ವಿವರಿಸಿದ. ನನಗೆ ಅರ್ಧ ಅರ್ಥವಾಗಲಿಲ್ಲ. ಹೂಂಗುಟ್ಟುತ್ತಾ ಕೇಳಿದೆ.